ರಜೆ ಸಿಕ್ಕವರ ಹೆಸರು

ಬಂಗುಡೆಯ ಮೈಗೆ ಹಾಕಿದ ಗೀರುಗಳಿಗೆ ಲೂರ್ದ್ ಮೆಣಸಿನ ಅರಪ್ಪನ್ನು ಬೆರಳಿನಿಂದ ಒತ್ತಿ ತುಂಬುತ್ತಿದ್ದಾಗ ಗೇಬ್ರಿಯಲ್ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

"ಊಟಕ್ಕೆ ಯಾರು ಬರುದು?"

"ಆಲ್ವಿನ್ ಬರ್ತಾನೆ. ಇವಾನ್, ನತಾಶಾ ಬರ್ತಾರೆ."

"ಹೌದಾ? ಒಳ್ಳೇದಾಯ್ತು."

ಅವನು ಹಾಲ್‌ಗೆ ಹೋಗಿ ಟಿವಿಯ ಮುಂದೆ ಕುಳಿತ. ಅವಳು ಇನ್ನೊಂದು ಮೀನು ಎತ್ತಿಕೊಂಡು, ಹೊಟ್ಟೆಯೊಳಗೂ ಅರಪ್ಪು ಸವರಿ ತಟ್ಟೆಯಲ್ಲಿಡುವಷ್ಟರಲ್ಲಿ ಅವನು ಮತ್ತೆ ಬಾಗಿಲಲ್ಲಿದ್ದ.

"ಇವತ್ತು ಊಟಕ್ಕೆ ಯಾರಾದ್ರೂ ಉಂಟಾ?"

"ಆಲ್ವಿನ್ ಬರ್ತಾನೆ. ಇವಾನ್, ನತಾಶಾ ಬರ್ತಾರೆ."

ಅದೇ ಮಾತು, ಅದೇ ದನಿ. ಲೂರ್ದ್ ನರ್ಸಾಗಿ ಕೆಲಸ ಮಾಡುತ್ತಿದ್ದುದು ಎದ್ದು ಓಡಾಡಲಾಗದ ಹಳೆಯ ರೋಗಿಗಳ ವಾರ್ಡಿನಲ್ಲಿ. ಕೇಳಿದ್ದನ್ನೇ ಕೇಳುವವರಿಗೆ ಹೇಳಿದ್ದನ್ನೇ ಹೇಳಬೇಕು, ಶಬ್ದ ಬದಲಾದರೆ ಅವರಿಗೆ ಗಾಬರಿಯಾಗುತ್ತದೆ ಎಂಬುದನ್ನು ಅವಳು ಅಲ್ಲಿ ಕಲಿತಿದ್ದಳು. ಮನೆಯಲ್ಲಿ ಅದು ಬೇಕಾದೀತೆಂದು ಅಂದುಕೊಂಡಿರಲಿಲ್ಲ.

ಗೇಬ್ರಿಯಲ್ ಒಂದು ಕಟ್ಟಡ ಕಂಪೆನಿಯ ಲೆಕ್ಕಪತ್ರ ವಿಭಾಗದಲ್ಲಿದ್ದು ನಿವೃತ್ತನಾದವನು. ನೆನಪು ಕರಗುವ ಕಾಯಿಲೆ ಎಂದು ಡಾಕ್ಟರು ಹೇಳಿ ವರ್ಷ ಕಳೆದಿತ್ತು. ಮೊದಲು ಅವಳು ಅವನ ವೀಸಾದಲ್ಲಿ ಬಂದಿದ್ದಳು. ಈಗ ಅವನು ಅವಳ ವೀಸಾದಲ್ಲಿದ್ದ. ಅವಳ ಕೆಲಸವೂ ಮುಂದಿನ ಮಾರ್ಚ್‌ವರೆಗೆ ಮಾತ್ರ. ಆಮೇಲೆ ಖಾಲಿದಿಯಾದ ಈ ಬಾಡಿಗೆ ಫ್ಲ್ಯಾಟನ್ನೂ ಗಲ್ಫನ್ನೂ ಬಿಡಬೇಕು.

ಆಲ್ವಿನ್ ದುಬೈಯಿಂದ ಬಂದ. ಗೇಬ್ರಿಯಲ್‌ನ ತಮ್ಮ, ದೇರಾದಲ್ಲಿ ಇನ್ಶೂರೆನ್ಸ್ ಏಜೆನ್ಸಿ ನಡೆಸುವವನು. ಅಣ್ಣನನ್ನು 'ಬಾಬ್' ಎಂದೂ ಅತ್ತಿಗೆಯನ್ನು 'ವೊನಿ' ಎಂದೂ ಕರೆಯುತ್ತಿದ್ದ.

"ವೊನಿ, ಮೀನಿನ ವಾಸನೆ ಲಿಫ್ಟಲ್ಲೇ ಬಂತು. ಕೆಳಗಿನ ಫಿಲಿಪಿನೋಗಳು ಕಂಪ್ಲೇಂಟ್ ಮಾಡುದಿಲ್ವಾ?"

"ಅವರ ಒಣಮೀನಿಗೆ ನಾನು ಕಂಪ್ಲೇಂಟ್ ಮಾಡಿದ್ದೇನಾ?"

ಹಿಂದೆಯೇ ಇವಾನ್ ಮತ್ತು ಅವನ ಹೆಂಡತಿ ನತಾಶಾ ಬಂದರು. ಇಬ್ಬರೂ ಅಲ್ ರೀಮ್ ಐಲ್ಯಾಂಡಿನಲ್ಲಿ ಮನೆ ಮಾಡಿಕೊಂಡಿದ್ದರು, ಇಬ್ಬರೂ ಆಫೀಸಿಗೆ ಹೋಗುವವರು. ನತಾಶಾಳಿಗೆ ಆರನೆಯ ತಿಂಗಳು. ಕೆಂಪಕ್ಕಿ ಅನ್ನ, ಬಂಗುಡೆ ಫ್ರೈ, ತೊಂಡೆಕಾಯಿ ಪಲ್ಯ, ದಾಲ್. ಎಲ್ಲರಿಗೂ ಬಡಿಸಿ ಲೂರ್ದ್ ಕೂರುವ ಹೊತ್ತಿಗೆ ಆಲ್ವಿನ್ ಮಾತು ಆರಂಭಿಸಿಯಾಗಿತ್ತು.

"ನೋಡಿ, ಟ್ರಸ್ಟ್ ಅಂದ್ರೆ ಒಂದು ಪೆಟ್ಟಿಗೆ ಇದ್ದ ಹಾಗೆ. ಮಂಗಳೂರಿನ ಫ್ಲ್ಯಾಟ್ ಒಳಗೆ, ಡಿಪಾಸಿಟ್ ಒಳಗೆ. ಬೀಗ ಹಾಕಿ ಕೀ ಟ್ರಸ್ಟಿಗಳ ಹತ್ರ. ಮತ್ತೆ ಯಾರಿಗೂ ತೆಗೀಲಿಕ್ಕಾಗುದಿಲ್ಲ. ಸಾಲಗಾರ ಬಂದ್ರೂ ಇಲ್ಲ, ಫ್ರೆಂಡ್ ಬಂದು ಅತ್ರೂ ಇಲ್ಲ."

ಫ್ರೆಂಡ್ ಎಂದದ್ದು ಕಾನ್ರಾಡ್‌ನ ಕುರಿತು. ಈಸ್ಟರ್ ಕಳೆದ ವಾರ ಗೇಬ್ರಿಯಲ್ ಫ್ಲ್ಯಾಟಿನ ಕಾಗದಗಳನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಹಳೆಯ ಗೆಳೆಯ ಕಾನ್ರಾಡ್‌ನ ಕೈಗೆ ಕೊಟ್ಟು ಬಂದಿದ್ದ, ಬ್ಯಾಂಕಿಗೆ ಇಟ್ಟು ನಿನ್ನ ಬೇಕರಿಗೆ ಸಾಲ ತೆಗೆದುಕೋ ಎಂದು. ಕಾನ್ರಾಡ್ ಒಳ್ಳೆಯವನು, ತಾನೇ ಫೋನ್ ಮಾಡಿದ. "ಲೂರ್ದ್‌ಬಾಯಿ, ನಾನು ಕೇಳಿದ್ದಲ್ಲ. ಬಂದು ತಗೊಂಡು ಹೋಗಿ. ನಾಳೆ ಬೇರೆಯವನ ಕೈಗೆ ಕೊಟ್ರೆ ಅವನು ಫೋನ್ ಮಾಡ್ಲಿಕ್ಕಿಲ್ಲ."

"ಹಾಕಿದ ಮೇಲೆ ಬೇಡ ಅಂತ ಆದ್ರೆ?" ಲೂರ್ದ್ ಕೇಳಿದಳು.

"ಬೇಡ ಅಂತ ಇಲ್ಲ ವೊನಿ. ಅದೇ ಅದರ ಸ್ಪೆಷಾಲಿಟಿ. ಇರೆವೊಕೇಬಲ್. ಒಮ್ಮೆ ಸೈನ್, ಖಲಾಸ್."

"ಇಟ್ಸ್ ದಿ ಓನ್ಲಿ ವೇ, ಮಮ್ಮಿ," ಇವಾನ್ ಹೇಳಿದ.

ಗೇಬ್ರಿಯಲ್ ಮುಳ್ಳು ಬಿಡಿಸುತ್ತಿದ್ದವನು ತಲೆಯೆತ್ತಿದ. "ನಾನು ಕೇಳಿದ್ರೂ ಕೊಡುದಿಲ್ವಾ?"

"ನೀನು ಕೇಳಿದ್ರೂ ಇಲ್ಲ ಬಾಬ್."

"ಹಾಗಾದ್ರೆ ಒಳ್ಳೇದು. ಈ ತಲೆ ಮೇಲೆ ನನಗೇ ನಂಬಿಕೆ ಇಲ್ಲ. ಲೂರ್ದ್, ಇನ್ನೊಂದು ಬಂಗುಡೆ ಹಾಕು, ಅದು ಟ್ರಸ್ಟಿಗೆ ಹೋಗುವ ಮೊದಲು."

ಎಲ್ಲರೂ ನಕ್ಕರು. ಲೂರ್ದ್ ಕೂಡ ನಕ್ಕು ಮೀನು ಹಾಕಿದಳು.

ಊಟವಾದ ಮೇಲೆ ಆಲ್ವಿನ್ ಫೋನನ್ನು ನೀರಿನ ಜಗ್ಗಿಗೆ ಒರಗಿಸಿಟ್ಟು ಮಂಗಳೂರಿನ ವಕೀಲ ಶಾಮಸುಂದರರಿಗೆ ವಿಡಿಯೊ ಕಾಲ್ ಮಾಡಿದ. ವಕೀಲರು ಕನ್ನಡಕ ಏರಿಸಿ ಕರಡನ್ನು ಓದಿದರು. ಟ್ರಸ್ಟಿಗಳು ಆಲ್ವಿನ್ ಮತ್ತು ಇವಾನ್. ಗೇಬ್ರಿಯಲ್ ಬದುಕಿರುವವರೆಗೆ ಫ್ಲ್ಯಾಟಿನ ಬಾಡಿಗೆಯೂ ಡಿಪಾಸಿಟ್‌ನ ಬಡ್ಡಿಯೂ ಅವನ ಆರೈಕೆಗೆ. ಅನಂತರ ಎಲ್ಲವೂ ಮಕ್ಕಳಿಗೆ, ಅಂದರೆ ಇವಾನ್‌ಗೆ ಮತ್ತು ಕೆನಡಾದಲ್ಲಿರುವ ಟೀನಾಗೆ.

"ಆದ್ರೆ ಆಸ್ತಿ ಯಾರ ಹೆಸರಲ್ಲಿ ಉಂಟೋ ಅವರೇ ಬರೆದುಕೊಡಬೇಕು. ಫ್ಲ್ಯಾಟ್ ಶ್ರೀಮತಿ ಲೂರ್ದ್ ಅವರ ಹೆಸರಲ್ಲಿ ಉಂಟಲ್ಲ?"

"ಅದು ಫಾರ್ಮಾಲಿಟಿ ಸರ್," ಆಲ್ವಿನ್ ಹೇಳಿದ. "ಆ ವರ್ಷ ಬಾಬ್‌ಗೆ ರಜೆ ಸಿಗ್ಲಿಲ್ಲ. ಆನ್ಯುವಲ್ ಕ್ಲೋಸಿಂಗ್. ವೊನಿ ಇವಾನ್‌ನ ಬಾಣಂತನಕ್ಕೆ ಊರಲ್ಲಿದ್ರು, ಅದಕ್ಕೆ ಅವರ ಹೆಸರಿಗೆ ಆಯ್ತು. ಗಲ್ಫಿನವರದ್ದು ಹಾಗೇ ಸರ್, ಯಾರಿಗೆ ರಜೆ ಸಿಗ್ತದೋ ಅವರ ಹೆಸರಿಗೆ ರಿಜಿಸ್ಟ್ರಿ."

ಅದು ನಿಜವೇ. ಲೂರ್ದ್‌ಳ ನಾದಿನಿಯ ಜಾಗ, ಕೊಂಡ ತಿಂಗಳು ಊರಲ್ಲಿದ್ದ ನಾದಿನಿಯ ಮೈದುನನ ಹೆಸರಿಗಾಗಿ, ಅದನ್ನು ತಿರುಗಿ ಪಡೆಯಲು ವರ್ಷಗಟ್ಟಲೆ ಜಗಳವಾಗಿತ್ತು. ತಮ್ಮ ಫ್ಲ್ಯಾಟನ್ನಂತೂ ಲೂರ್ದ್ ಕೂಡ 'ಇವರ ಫ್ಲ್ಯಾಟ್' ಎಂದೇ ಹೇಳುತ್ತಿದ್ದಳು.

"ಫಾರ್ಮಾಲಿಟಿ ಇರಬಹುದು. ಸೈನ್ ಅವರದ್ದೇ ಬೇಕು," ವಕೀಲರು ಹೇಳಿದರು. "ಮತ್ತೆ ಮೇಡಮ್‌ಗೆ ಇದರಲ್ಲಿ ಎಂತ ಬರೆಯುದು?"

"ಮೇಡಮ್‌ಗೆ ಎಂತ ಸರ್? ಅವರು ನರ್ಸ್. ಎಲ್ಲರನ್ನೂ ನೋಡಿಕೊಳ್ಳುವವರೇ ಅವರು," ಆಲ್ವಿನ್ ನಕ್ಕ.

"ಮಮ್ಮಿ ನಮ್ಮೊಟ್ಟಿಗೆ ಇರ್ತಾರೆ, ರೀಮಲ್ಲಿ," ಇವಾನ್ ಹೇಳಿದ. "ಪಪ್ಪಾ ಮಂಗಳೂರಿನ ಕೇರ್ ಹೋಮಲ್ಲಿ. ನಂತೂರಿನ ಆಚೆ ಒಂದು ಹೊಸತು ಆಗಿದೆ, ಫೋಟೋ ನೋಡಿದ್ದೇವೆ. ವೆರಿ ಕ್ಲೀನ್."

ಲೂರ್ದ್ ಫೋನಿನ ಪಕ್ಕದಲ್ಲಿದ್ದ ಮುಳ್ಳಿನ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಳು. ತಾನು ರೀಮ್‌ನಲ್ಲಿ ಇರುವವಳೆಂದು ಅವಳಿಗೆ ಗೊತ್ತಾದದ್ದು ಆಗಲೇ.

"ಪವರ್ ಆಫ್ ಅಟಾರ್ನಿ ಕೊಟ್ರೆ ಸಾಕು ವೊನಿ," ಆಲ್ವಿನ್ ಅವಳತ್ತ ತಿರುಗಿದ. "ಎಂಬೆಸಿಗೆ ಹೋಗಿ ಒಂದು ಸೈನ್. ನಾನು ಕ್ರಿಸ್ಮಸ್‌ಗೆ ಮೊದಲು ಊರಿಗೆ ಹೋಗ್ತೇನಲ್ಲ, ನಿಮ್ಮ ಪರವಾಗಿ ಎಲ್ಲ ಮುಗಿಸಿ ಬರ್ತೇನೆ. ನಿಮಗೆ ಯಾಕೆ ಸುಮ್ಮನೆ ಓಡಾಟ?"

ಪಾತ್ರೆ ತೊಳೆಯುವಾಗ ನತಾಶಾ ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತಳು.

"ನೀನು ಕೂತ್ಕೋ. ಕಾಲು ಬಾತಿದೆ."

"ಕೂತ್ರೆ ಇನ್ನೂ ಬಾಯ್ತದೆ ಮಮ್ಮಿ." ಒಂದು ತಟ್ಟೆ ಒರೆಸಿಟ್ಟು ಮತ್ತೆ ಹೇಳಿದಳು, "ನಿಮ್ಮನ್ನು ಕೇಳಿದ್ದಾನೆ ಅಂತ ಅಂದ್ಕೊಂಡಿದ್ದೆ ನಾನು. ಇವಾನ್."

"ಈಗ ಕೇಳಿದ ಹಾಗೇ ಆಯ್ತಲ್ಲ."

"ಅದು ಕೇಳಿದ್ದಲ್ಲ." ನತಾಶಾ ದನಿ ತಗ್ಗಿಸಿದಳು. "ನಾನು ಓಪನ್ ಆಗಿ ಹೇಳ್ತೇನೆ. ನನಗೆ ನೀವು ಬೇಕು. ನ್ಯಾನಿ ಇಟ್ರೆ ನನ್ನ ಸಂಬಳ ಅವಳಿಗೇ ಹೋಗ್ತದೆ. ಆದ್ರೆ ನಿಮ್ಮ ಜಾಗದಲ್ಲಿ ನಾನಿದ್ರೆ ಬರ್ತಿರ್ಲಿಲ್ಲ."

ಲೂರ್ದ್ ಅವಳ ಮುಖ ನೋಡಿದಳು. ಹುಡುಗಿ ತಮಾಷೆ ಮಾಡುತ್ತಿರಲಿಲ್ಲ.

ಮರುವಾರ ಒಂದು ಸಂಜೆ ಇವಾನ್ ಕಾರಿನಲ್ಲಿ ಬಂದು ತಾಯಿಯನ್ನೂ ತಂದೆಯನ್ನೂ ರೀಮ್‌ಗೆ ಕರೆದುಕೊಂಡು ಹೋದ. ನತಾಶಾ ಕುಕ್ಕರ್ ಇಟ್ಟಿದ್ದಳು. ಗೇಬ್ರಿಯಲ್ ಬಾಲ್ಕನಿಯಲ್ಲಿ ನಿಂತು ಎದುರಿನ ಟವರ್‌ನ ಮಹಡಿಗಳನ್ನು ಎಣಿಸತೊಡಗಿದ. ಇವಾನ್ ಅಡುಗೆಮನೆಯ ಪಕ್ಕದ ಬಾಗಿಲು ತೆರೆದು ದೀಪ ಹಾಕಿದ.

"ಇದು ನಿಮ್ಮ ರೂಮ್. ಪೇಂಟ್ ಮಾಡಿಸ್ತೇವೆ."

ಕೆಲಸದವರಿಗೆಂದು ಕಟ್ಟಿದ ಕೋಣೆ. ಕಿಟಕಿಯಿರಲಿಲ್ಲ. ಒಂದು ಗೋಡೆಗೆ ವಾಷಿಂಗ್ ಮೆಷಿನ್, ಅದರ ಮೇಲೆ ಬೇಬಿಗೆಂದು ಈಗಲೇ ತಂದಿಟ್ಟ ಡಯಾಪರ್ ಕಟ್ಟುಗಳು. ಇನ್ನೊಂದು ಗೋಡೆಗೆ ಒಬ್ಬರು ಮಲಗುವ ಮಂಚ ಹಿಡಿಯಬಹುದು.

ಲೂರ್ದ್‌ಗೆ ಅತ್ತೆಯ ಸೂಟ್‌ಕೇಸ್ ನೆನಪಾಯಿತು. ಮಾವ ತೀರಿಕೊಂಡ ಮೇಲೆ ಗಂಡುಮಕ್ಕಳು ಮೂವರೂ ಸೇರಿ ಮನೆ ಮಾರಿ ಪಾಲು ಮಾಡಿಕೊಂಡಿದ್ದರು. ಅತ್ತೆ, ಎಲ್ಲರೂ 'ಮಾಂಯ್' ಎನ್ನುತ್ತಿದ್ದ ಆ ಮುದುಕಿ, ತಿಂಗಳಿಗೊಬ್ಬ ಮಗನ ಮನೆಯಲ್ಲಿ ಇದ್ದು ಹೋದಳು. ಬಂದಾಗ ಸೂಟ್‌ಕೇಸನ್ನು ಮಂಚದ ಕೆಳಗೆ ತಳ್ಳುವಳು. ಬಟ್ಟೆ ಬೇಕಾದಾಗ ಎಳೆದು ತೆಗೆಯುವಳೇ ಹೊರತು ಕಪಾಟಿನಲ್ಲಿ ಒಂದು ಸೀರೆಯನ್ನೂ ಇಡಲಿಲ್ಲ.

"ಪಪ್ಪಾ ಅಲ್ಲಿ, ನಾನು ಇಲ್ಲಿ?" ಅವಳು ಕೇಳಿದಳು.

"ಮಮ್ಮಿ, ಯು ಕಾಂಟ್ ಲಿಫ್ಟ್ ಹಿಮ್. ಒಂದೆರಡು ವರ್ಷದಲ್ಲಿ ಎತ್ತಿ ಕೂರಿಸ್ಬೇಕಾಗ್ತದೆ. ನಿಮಗೇ ಗೊತ್ತುಂಟಲ್ಲ. ನಿಮ್ಮ ಬೆನ್ನು ಈಗಲೇ ಹೀಗೆ."

"ಗೊತ್ತುಂಟು. ನನ್ನನ್ನು ಎತ್ತಬೇಕಾಗಿ ಬಂದ್ರೆ ಯಾರು ಎತ್ತುದು?"

"ನಾವಿಲ್ವಾ?"

"ನೀವು ಇಬ್ರೂ ಆಫೀಸಲ್ಲಿ. ಬೇಬಿ ಎತ್ತುದಾ?"

ಅಡುಗೆಮನೆಯಲ್ಲಿ ನತಾಶಾ ಸಣ್ಣಗೆ ನಕ್ಕದ್ದು ಕೇಳಿಸಿತು. ಇವಾನ್‌ಗೆ ಸಿಟ್ಟು ಬಂತು.

"ಯಾವಾಗ್ಲೂ ನೆಗೆಟಿವ್! ನಾನು ನಿಮಗೋಸ್ಕರ ಮಾಡುದು ಇದೆಲ್ಲ. ನನ್ನ ವೀಸಾದಲ್ಲಿ ನಿಮ್ಮನ್ನು ಇಟ್ಕೊಳ್ತೇನೆ."

"ನಿನ್ನ ಕೆಲಸ ಹೋದ್ರೆ?"

"ಹೋಗುದಿಲ್ಲ."

"ನಿನ್ನ ಪಪ್ಪಾನೂ ಹಾಗೇ ಹೇಳ್ತಿದ್ರು."

ಊಟದ ಹೊತ್ತಿನಲ್ಲಿ ಗೇಬ್ರಿಯಲ್ ಪುಲಾವ್ ಚೆನ್ನಾಗಿದೆಯೆಂದು ನತಾಶಾಳನ್ನು ಹೊಗಳಿ, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಅದನ್ನೇ ಹೊಗಳಿದ.

ಹಗಲಿನಲ್ಲಿ ಗೇಬ್ರಿಯಲ್ ಇನ್ನೂ ಒಬ್ಬನೇ ಇರಬಲ್ಲವನಾಗಿದ್ದ. ಲೂರ್ದ್ ಊಟ ಮುಚ್ಚಿಟ್ಟು ಡ್ಯೂಟಿಗೆ ಹೋಗುವಳು, ನಡುವೆ ಫೋನ್ ಮಾಡುವಳು, ಕೆಳಗಿನ ವಾಚ್‌ಮನ್ ಒಂದು ಕಣ್ಣಿಟ್ಟಿರುವನು. ನವೆಂಬರಿನ ಒಂದು ಮಂಗಳವಾರ ಮಧ್ಯಾಹ್ನ ಅವಳು ಫೋನ್ ಮಾಡಿದಾಗ ಉತ್ತರಿಸಿದವನು ಬೇರೆಯವನು.

"ಆಂಟಿ, ಗಾಬ್ರಿ ಆಗ್ಬೇಡಿ. ನಾನು ರಿಝ್ವಾನ್, ಭಟ್ಕಳದವನು. ಅಂಕಲ್ ಇಲ್ಲಿ ನಮ್ಮ ರೂಮಲ್ಲಿದ್ದಾರೆ, ದೇರಾದಲ್ಲಿ. ಊಟ ಮಾಡಿದ್ರು. ಲೊಕೇಶನ್ ಕಳಿಸ್ತೇನೆ."

ಇವಾನ್ ಆಫೀಸಿನಿಂದ ಹೊರಟು ಆಸ್ಪತ್ರೆಯ ಗೇಟಿನಲ್ಲಿ ಅವಳನ್ನು ಹತ್ತಿಸಿಕೊಂಡ. ದುಬೈ ತಲುಪುವವರೆಗೂ ಅವನು ಸ್ಟಿಯರಿಂಗಿಗೆ ಹೊಡೆಯುತ್ತಲೇ ಇದ್ದ. ದೇರಾದ ಆ ಗಲ್ಲಿಯಲ್ಲಿ ಕಾರು ನಿಲ್ಲಿಸಲು ಜಾಗವಿರಲಿಲ್ಲ. "ನೀವು ಹೋಗಿ, ನಾನು ಪಾರ್ಕಿಂಗ್ ಹುಡುಕ್ತೇನೆ," ಎಂದು ಅವಳನ್ನು ಇಳಿಸಿ ಮುಂದೆ ಹೋದ.

ಮೆಟ್ಟಿಲು ಹತ್ತುವಾಗಲೇ ಲೂರ್ದ್‌ಗೆ ಕಟ್ಟಡದ ಗುರುತು ಸಿಕ್ಕಿತು. ಮದುವೆಗೆ ಮೊದಲೂ, ಅವಳು ಊರಲ್ಲಿ ಬಾಣಂತಿಯಾಗಿದ್ದಾಗಲೂ, ಗೇಬ್ರಿಯಲ್ ಇದ್ದದ್ದು ಇಲ್ಲಿಯೇ, ಆಲ್ವಿನ್ ಮತ್ತು ಕಾನ್ರಾಡ್ ಜತೆಗೆ. ರಿಝ್ವಾನ್ ಬಾಗಿಲು ತೆರೆದ. ಅತ್ತರಿನಂಗಡಿಯಲ್ಲಿ ಕೆಲಸ ಮಾಡುವ ಹುಡುಗ. ಒಳಗೆ ಒಂದರ ಮೇಲೊಂದು ಮಂಚಗಳು, ಅವುಗಳ ನಡುವೆ ಹಗ್ಗ ಕಟ್ಟಿ ಒಣಹಾಕಿದ ಅಂಗಿಗಳು.

"ಬಸ್ಸಿಂದ ಇಳಿದು ಅಬ್ರಾ ದೋಣಿಯಲ್ಲಿ ಈಚೆ ಬಂದ್ರಂತೆ. ದಾರಿ ಒಂಚೂರೂ ತಪ್ಪಲಿಲ್ಲ ಆಂಟಿ! ಬಾಗಿಲು ತಟ್ಟಿ ಸೀದಾ ಬಂದು ಕಿಟಕಿ ಹತ್ರ ಕೂತ್ರು. ಅದು ಅವರ ಬೆಡ್ಡಂತೆ. ನಮ್ಮ ಅಫ್ಫಾನ್ ರಾತ್ರಿ ಡ್ಯೂಟಿ ಮುಗಿಸಿ ಮಲಗಿದ್ದ, ಪಾಪ, ಎದ್ದು ಜಾಗ ಬಿಟ್ಟ."

ಗೇಬ್ರಿಯಲ್ ಕಿಟಕಿಯ ಪಕ್ಕದ ಮಂಚದಲ್ಲಿ, ಮೊಣಕಾಲ ಮೇಲೆ ಚಹಾದ ಗ್ಲಾಸ್ ಇಟ್ಟುಕೊಂಡು ಕುಳಿತಿದ್ದ. ಅವಳನ್ನು ಕಂಡು ಅವನ ಮುಖ ಅರಳಿತು.

"ಬಂದ್ಯಾ? ಸೈನ್ ಆಯ್ತಾ?"

"ಎಂತ ಸೈನ್?"

"ರಿಜಿಸ್ಟ್ರಿ. ಇವತ್ತಲ್ವಾ?"

ಲೂರ್ದ್ ರಿಝ್ವಾನ್‌ನ ಕಡೆ ನೋಡಿದಳು. "ಬೆಳಿಗ್ಗೆಯಿಂದ ಇದೇ ಆಂಟಿ," ಅವನು ಮೆಲ್ಲನೆ ಹೇಳಿದ. "ಹೆಂಡ್ತಿ ಸೈನ್ ಮಾಡಿ ಫೋನ್ ಮಾಡ್ತಾಳೆ, ಕಾಯ್ತಾ ಇದ್ದೇನೆ ಅಂತ."

ಅವಳು ಗಂಡನ ಪಕ್ಕದಲ್ಲಿ ಕುಳಿತಳು.

"ಆಯ್ತು," ಅಂದಳು.

"ನಿನ್ನ ಹೆಸರಲ್ಲೇ ತಾನೇ?"

"ಹೌದು. ನಿಮಗೆ ರಜೆ ಸಿಗ್ಲಿಲ್ಲ, ಅದಕ್ಕೆ ನನ್ನ ಹೆಸರಲ್ಲಿ."

ಗೇಬ್ರಿಯಲ್ ಬಾಗಿಲ ಕಡೆ ನೋಡಿ ಅವಳತ್ತ ಬಾಗಿದ. "ರಜೆ ಸಿಕ್ಕಿತ್ತು ಮಾರಾಯ್ತಿ. ಮ್ಯಾನೇಜರ್ ಕೊಟ್ಟಿದ್ದ. ನಾನೇ ಹೋಗ್ಲಿಲ್ಲ. ಹೋದ್ರೆ ಎಲ್ಲ ಹೇಳ್ತಿದ್ರು, ಗಂಡಸು ಇರುವಾಗ ಹೆಂಗಸಿನ ಹೆಸರಿಗೆ ಯಾಕೆ ಅಂತ. ಮಾಂಯ್‌ದು ನೋಡಿದ್ದೇವಲ್ಲ. ನಿನ್ನನ್ನು ಯಾರೂ ಸೂಟ್‌ಕೇಸ್ ಹಿಡಿಸಿ ಕಳಿಸ್ಲಿಕ್ಕಾಗ್ಬಾರದು." ಗ್ಲಾಸನ್ನು ಅವಳ ಕೈಗೆ ಕೊಟ್ಟ. "ಆಲ್ವಿನ್‌ಗೆ ಹೇಳ್ಬೇಡ. ಬೇಜಾರು ಮಾಡ್ತಾನೆ."

ಇವಾನ್ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ. ರಿಝ್ವಾನ್‌ಗೆ ಹಣ ಕೊಡಲು ಹೋದ. "ಛೆ, ಏನು ಭಾಯ್, ನಮ್ಮ ಊರ ಕಡೆಯವರು," ಎಂದು ಹುಡುಗ ಅವನ ಕೈ ದೂಡಿದ. ಹೋಗುವಾಗ ಗೇಬ್ರಿಯಲ್ ಮಂಚದ ಹಾಸಿಗೆಯನ್ನು ಸರಿಮಾಡಿಟ್ಟೇ ಎದ್ದ.

ಹಿಂದಿರುಗುವ ದಾರಿಯಲ್ಲಿ ಅವನು ಹಿಂದಿನ ಸೀಟಿನಲ್ಲಿ ನಿದ್ದೆಹೋದ. ಇವಾನ್ ಮಾತನಾಡುತ್ತಲೇ ಇದ್ದ. ಲೂರ್ದ್‌ಗೆ ನೆನಪಾದದ್ದು ಒಂದು ಅಂಗಿ. ಇವಾನ್‌ನ ಬ್ಯಾಪ್ಟಿಸಮ್‌ಗೆ ಮೊದಲು ಗೇಬ್ರಿಯಲ್ ಮಗುವಿನ ಬಟ್ಟೆ, ಹಾಲಿನ ಪುಡಿ, ಸೆಂಟು ಎಲ್ಲವನ್ನೂ ಕಾನ್ರಾಡ್‌ನ ಕೈಯಲ್ಲಿ ಕಳಿಸಿದ್ದ. ಆ ಪೆಟ್ಟಿಗೆಯಲ್ಲಿ ಅವನದೇ ಅಳತೆಯ ಒಂದು ಹೊಸ ಬಿಳಿ ಅಂಗಿಯೂ ಇತ್ತು, ಇಸ್ತ್ರಿಯ ಮಡಿಕೆ ಬಿಚ್ಚದ್ದು. ಗಡಿಬಿಡಿಯಲ್ಲಿ ತಪ್ಪಿ ಹಾಕಿದ್ದಾನೆ ಎಂದು ಅವಳು ಅದನ್ನು ತೆಗೆದಿಟ್ಟಿದ್ದಳು. ತಾನೇ ಹೊರಡಲೆಂದು ಕಟ್ಟಿದ ಪೆಟ್ಟಿಗೆಯಾಗಿತ್ತೇ ಅದು, ಆಮೇಲೆ ಬೇಕೆಂದೇ ಉಳಿದುಬಿಟ್ಟನೇ? ಅಥವಾ ಸಿಕ್ಕಿದ ರಜೆ ಕೊನೆಗಳಿಗೆಯಲ್ಲಿ ರದ್ದಾಗಿತ್ತೇ?

"ಮಮ್ಮಿ, ಕೇಳಿಸ್ತದಾ? ದಿಸ್ ಇಸ್ ಇಟ್. ಇನ್ನು ಕಾಯ್ಲಿಕ್ಕಾಗುದಿಲ್ಲ."

"ಕೇಳಿಸ್ತದೆ. ರೋಡ್ ನೋಡಿ ಓಡಿಸು."

ಆ ಶನಿವಾರ ಆಲ್ವಿನ್ ಊಟಕ್ಕೆ ಕಾಯದೆ ಬೆಳಿಗ್ಗೆಯೇ ಬಂದ. ಅವಳು ಅವನಿಗೆ ನೀರ್ದೋಸೆ ಹಾಕಿಕೊಟ್ಟಳು.

"ಎಂಬೆಸಿಯ ಅಪಾಯಿಂಟ್‌ಮೆಂಟ್ ತೆಗ್ದಿದ್ದೇನೆ, ಬರುವ ಗುರುವಾರ. ಕೇರ್ ಹೋಮಿನವರ ಹತ್ರ ಮಾತಾಡಿದ್ದೇನೆ, ಜನವರಿಯಲ್ಲಿ ಬೆಡ್ ಉಂಟು. ಟೆನೆಂಟ್‌ನ ಅಗ್ರಿಮೆಂಟ್ ಡಿಸೆಂಬರಿಗೆ ಮುಗೀತದೆ, ಅದನ್ನೂ ರಿನ್ಯೂ ಮಾಡ್ತೇನೆ."

"ಇವರು ದೇರಾಕ್ಕೆ ಹೋದದ್ದು ಒಂದು ಸರ್ತಿ."

"ಒಂದು ಸರ್ತಿ ಸಾಕಲ್ವಾ ವೊನಿ? ಅಬ್ರಾದಿಂದ ಬಿದ್ದಿದ್ರೆ? ನಾನು ನಿಮ್ಮ ಶತ್ರುವಾ? ಬಾಬ್‌ನ ಆಸ್ತಿ ಯಾರೋ ತಿಂದು ಹೋಗ್ಬಾರದು, ಅವನು ಗೌರವದಲ್ಲಿ ಇರ್ಬೇಕು, ಅಷ್ಟೇ ನಂದು. ಒಂದು ಪೈಸೆ ನನಗೆ ಬೇಡ."

ಅವನು ಹೇಳಿದ್ದು ಸುಳ್ಳಲ್ಲವೆಂದು ಅವಳಿಗೆ ಗೊತ್ತಿತ್ತು. ಮನೆ ಮಾರಿದಾಗಲೂ ಅವನು ಮಾಂಯ್‌ಗೆ ಕೆಟ್ಟದ್ದು ಬಯಸಿದವನಲ್ಲ. ಕಾವಲಿಗೆ ಹಿಟ್ಟು ಹೊಯ್ದು ಕೇಳಿದಳು:

"ಆಲ್ವಿನ್, ಆ ವರ್ಷ ಇವರಿಗೆ ನಿಜವಾಗ್ಲೂ ರಜೆ ಸಿಕ್ಕಿರ್ಲಿಲ್ವಾ?"

"ಯಾವ ವರ್ಷ? ಓ, ಅದಾ! ಇಲ್ಲ ವೊನಿ. ನಾನೇ ಆ ರೂಮಲ್ಲಿ ಇದ್ದೆನಲ್ಲ. ಪಾಪ, ಮಗನ ಬ್ಯಾಪ್ಟಿಸಮ್‌ಗೂ ಬಿಡ್ಲಿಲ್ಲ ಅಂತ ನಾವೆಲ್ಲ ಸೇರಿ ಆ ಮ್ಯಾನೇಜರ್‌ಗೆ ಬೈದದ್ದೇ ಬೈದದ್ದು. ಬಾಬ್, ಹೌದಲ್ವಾ?"

"ರಜೆ ಸಿಗ್ಲಿಲ್ಲ," ಮೇಜಿನ ಆಚೆಯಿಂದ ಗೇಬ್ರಿಯಲ್ ಹೇಳಿದ. "ಆನ್ಯುವಲ್ ಕ್ಲೋಸಿಂಗ್."

ಅರ್ಧ ಗಂಟೆ ಮೊದಲು ದೋಸೆ ತಿಂದದ್ದು ಅವನಿಗೆ ನೆನಪಿರಲಿಲ್ಲ, ಮತ್ತೊಂದು ತಟ್ಟೆ ಎಳೆದುಕೊಳ್ಳುತ್ತಿದ್ದ. ಈ ಮಾತು ಮಾತ್ರ ಬಾಯಿಪಾಠದ ಪ್ರಾರ್ಥನೆಯ ಹಾಗೆ, ಎಲ್ಲೂ ತಡವರಿಸದೆ ಬಂತು. ಎಷ್ಟು ಜನರಿಗೆ, ಎಷ್ಟು ಸಲ ಹೇಳಿ ಅಭ್ಯಾಸವಾಗಿತ್ತೋ.

"ಹುಚ್ಚು ಪ್ರಶ್ನೆ ಯಾಕೆ ಈಗ?" ಆಲ್ವಿನ್ ಕೇಳಿದ.

"ಸುಮ್ಮನೆ. ಚಟ್ನಿ ಹಾಕ್ಲಾ?"

ಸೋಮವಾರ ವಾರ್ಡಿನ ಚಹಾದ ಹೊತ್ತಿನಲ್ಲಿ ಅವಳು ಶಾಮಸುಂದರರಿಗೆ ತಾನೇ ಫೋನ್ ಮಾಡಿದಳು.

"ಸರ್, ಆ ಟ್ರಸ್ಟಿನ ಕರಡು. ಅದನ್ನು ಬದಲಾಯಿಸಬಹುದಾ?"

"ಸೈನ್ ಆಗುವ ಮೊದಲು ಎಂತ ಬೇಕಾದ್ರೂ ಬರೀಬಹುದು ಮೇಡಮ್. ಆದ ಮೇಲೆ ಒಂದು ಅಕ್ಷರ ಸಹ ಇಲ್ಲ."

"ಇಬ್ಬರೂ ಬದುಕಿರುವವರೆಗೆ ಆ ಮನೆಯಲ್ಲೇ ಇರುವ ಹಾಗೆ ಬರೀಬಹುದಾ? ಬಾಡಿಗೆಗೆ ಕೊಡ್ಲಿಕ್ಕಿಲ್ಲ, ಮಾರ್ಲಿಕ್ಕಿಲ್ಲ. ಡಿಪಾಸಿಟ್‌ನ ಹಣ ಮನೆಗೆ ಬಂದು ನೋಡಿಕೊಳ್ಳುವವರಿಗೆ. ಇವರಿಗೆ ಬೇಕಾದ್ರೆ ಇವರಿಗೆ, ನನಗೆ ಬೇಕಾದ್ರೆ ನನಗೆ. ಇಬ್ಬರೂ ಹೋದ ಮೇಲೆ ಮಕ್ಕಳಿಗೆ."

"ಬರೀಬಹುದು. ಟ್ರಸ್ಟಿಗಳು ಅವರೇ?"

"ಇವಾನ್ ಇರಲಿ. ಇನ್ನೊಬ್ಬರು... ಸೊಸೆ ಆಗ್ಬಹುದಾ? ನತಾಶಾ?"

"ಅವರು ಒಪ್ಪಿದ್ರೆ ಆಗ್ಬಹುದು." ವಕೀಲರ ದನಿ ನಿಧಾನವಾಯಿತು. "ಆದ್ರೆ ಮೇಡಮ್, ಬೀಗ ನಿಮಗೂ ಬೀಳ್ತದೆ. ನಾಳೆ ನಿಮಗೆ ಅವರನ್ನು ನೋಡಿಕೊಳ್ಳಿಕ್ಕೆ ಆಗುದಿಲ್ಲ, ಈ ಫ್ಲ್ಯಾಟ್ ಮಾರಿ ಮಗನ ಹತ್ರ ಹೋಗ್ತೇನೆ ಅಂತ ಅನ್ನಿಸಿದ್ರೂ ಮಾರ್ಲಿಕ್ಕಾಗುದಿಲ್ಲ. ಯೋಚನೆ ಮಾಡಿ ಹೇಳಿ."

"ಪವರ್ ಆಫ್ ಅಟಾರ್ನಿ ಕೊಟ್ರೆ?"

"ಅದರಲ್ಲಿ ಈಗಿನ ಕರಡೇ ಉಂಟು. ನಿಮ್ಮ ಪರವಾಗಿ ಬಂದವರು ಅದನ್ನೇ ರಿಜಿಸ್ಟ್ರಿ ಮಾಡಿಸ್ತಾರೆ. ನೀವೇ ಬಂದ್ರೆ ನೀವು ಹೇಳಿದ್ದು."

ಚಹಾ ತಣ್ಣಗಾಗಿತ್ತು. ವಾರ್ಡಿಗೆ ಹೋಗಿ ಅವಳು ಇನ್ನೊಬ್ಬ ನರ್ಸಿನ ಜತೆ ಸೇರಿ ರೋಗಿಗಳನ್ನು ಎಡಮಗ್ಗುಲಿಗೆ ಹೊರಳಿಸಿದಳು. ಸೊಂಟದಲ್ಲಿ ಎಂದಿನ ಜಾಗದಲ್ಲಿ ನೋವು ಕಾಣಿಸಿಕೊಂಡಿತು. ಇವಾನ್ ಹೇಳಿದ್ದೂ ಸರಿಯೇ. ಇನ್ನೆರಡು ವರ್ಷಕ್ಕೆ ಗೇಬ್ರಿಯಲ್‌ನನ್ನು ಹೀಗೆಯೇ ಹೊರಳಿಸಬೇಕಾಗುತ್ತದೆ, ಆಗ ಅವನಿಗೆ ತಾನು ಯಾರೆಂದು ಗೊತ್ತಿರುತ್ತದೋ ಇಲ್ಲವೋ. ಸಂಜೆ ಮನೆಗೆ ಬಂದು ಬಟ್ಟೆ ಬದಲಿಸುವಾಗ ಅವನನ್ನು ಮತ್ತೊಮ್ಮೆ ಕೇಳಿದಳು.

"ದೇರಾದಲ್ಲಿ ಎಂತ ಹೇಳಿದ್ರಿ ನೀವು? ರಜೆಯ ವಿಷಯ?"

"ದೇರಾ? ನಾನು ದೇರಾಕ್ಕೆ ಹೋಗಿ ಎಷ್ಟು ವರ್ಷ ಆಯ್ತು!" ಅವನು ನಕ್ಕ. "ನಿನಗೇ ಮರೆವು ಶುರುವಾಯ್ತಾ?"

ಗುರುವಾರ ಅವಳಿಗೆ ಆಫ್ ಇತ್ತು. ಬೆಳಿಗ್ಗೆ ಆಲ್ವಿನ್‌ನ ಮೆಸೇಜ್ ಬಂತು: "ವೊನಿ, ಪಾಸ್‌ಪೋರ್ಟ್ ಮರೀಬೇಡಿ. ಇವಾನ್ ಬಂದು ಕರ್ಕೊಂಡು ಹೋಗ್ತಾನೆ." ಓದಿ, ಇವಾನ್‌ಗೆ ಫೋನ್ ಮಾಡಿ, ಇವತ್ತು ಬರಬೇಡ, ಮೈ ಸರಿಯಿಲ್ಲ ಎಂದಳು. ಅವನು ಗೊಣಗಿದ, ಬೇರೆ ದಿನ ತೆಗೆಯುತ್ತೇನೆಂದ. ಆಯಿತು ಎಂದಳು.

ಪೇಟೆಯಿಂದ ತಂದ ಬೂತಾಯಿಯನ್ನು ಸಿಂಕಿನಲ್ಲಿ ಸುರಿದು ಒಂದೊಂದಾಗಿ ತಲೆ ಮುರಿದು ಸ್ವಚ್ಛ ಮಾಡತೊಡಗಿದಳು. ಸಣ್ಣ ಮೀನು, ಹೆಚ್ಚು ಹೊತ್ತು ಬೇಕು. ರಜೆ ಅವಳಿಗೆ ಬಾಕಿಯಿತ್ತು. ಮಾರ್ಚ್‌ನ ಒಳಗೆ ತೆಗೆದುಕೊಳ್ಳದಿದ್ದರೆ ಹೋಗುತ್ತದೆಂದು ಆಫೀಸಿನವರು ಎರಡು ಸಲ ನೆನಪಿಸಿದ್ದರು. ಡಿಸೆಂಬರಿನ ಮೊದಲ ವಾರಕ್ಕೆ ಬರೆದುಕೊಡಬೇಕು, ಆಲ್ವಿನ್ ಹೊರಡುವುದಕ್ಕಿಂತ ಮೊದಲು. ಎರಡು ಟಿಕೆಟ್. ಟೆನೆಂಟ್‌ಗೆ ಮನೆ ನಮಗೇ ಬೇಕು ಎಂದು ಅಲ್ಲಿ ಹೋಗಿಯೇ ಹೇಳುವುದು. ತಾನು ಹೇಳಿ ಬರೆಸಿದ ಕರಡಿಗೆ ತಾನೇ ಸೈನ್ ಮಾಡಲು ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಹೋಗುವ ದಿನ ಗೇಬ್ರಿಯಲ್‌ಗೆ ಆ ಬಿಳಿ ಅಂಗಿ ಆಗಲಾರದು. ಹೊಸತೊಂದು ತರಬೇಕು.

ಅವನು ಬಾಗಿಲಿಗೆ ಬಂದು ನಿಂತ.

"ಊಟಕ್ಕೆ ಯಾರು ಬರುದು?"

"ಯಾರೂ ಇಲ್ಲ. ನಾವಿಬ್ರೇ."

"ಹೌದಾ? ಒಳ್ಳೇದಾಯ್ತು."

ಅವನು ಹಾಲ್‌ಗೆ ಹೋದ. ಅವಳು ನಲ್ಲಿ ತಿರುಗಿಸಿ ಮೀನು ತೊಳೆದಳು, ಉಪ್ಪು ಹಾಕಿದಳು. ಸ್ವಲ್ಪ ಹೊತ್ತಿನಲ್ಲಿ ಅವನು ಮತ್ತೆ ಬಾಗಿಲಲ್ಲಿದ್ದ.

"ಇವತ್ತು ಊಟಕ್ಕೆ ಯಾರಾದ್ರೂ ಉಂಟಾ?"

"ಯಾರೂ ಇಲ್ಲ. ನಾವಿಬ್ರೇ," ಎಂದಳು ಲೂರ್ದ್, ಅದೇ ದನಿಯಲ್ಲಿ.